ಮರ ಹತ್ತಿ ಕೂತ ಬೆತ್ತಲೆ ಸೈನಿಕ ಯಾವ ಕಂತಿಗೆ ಬರಬೇಕು?

ಪ್ರಶ್ನೆ: ಜೋಸೆಫ್ ಹೆಲ್ಲರ್ ಅವರ ‘ಕ್ಯಾಚ್-22’ ಕಾದಂಬರಿ ಓದಿದ ಮೇಲೆ 2019ರಲ್ಲಿ ಬಂದ ಆರು ಕಂತಿನ ಸರಣಿ ನೋಡಿದೆ. ಕಾದಂಬರಿಯಲ್ಲಿ ಕಾಲ ಹಿಂದೆ ಮುಂದೆ ಜಿಗಿಯುತ್ತದೆ, ಸರಣಿಯಲ್ಲಿ ಅದನ್ನು ನೇರ ಮಾಡಿದ್ದಾರೆ. ಕಥೆ ಸಲೀಸಾಗಿ ಅರ್ಥವಾಯಿತು. ಆದರೆ ಓದುವಾಗ ಆದ ಸಂಕಟ ನೋಡುವಾಗ ಆಗಲಿಲ್ಲ. ನಾನು ಚಿತ್ರಕಥೆ ಬರೆಯುವುದನ್ನು ಕಲಿಯುತ್ತಿದ್ದೇನೆ. ಅಭ್ಯಾಸಕ್ಕಾಗಿ ಇದೇ ಕಾದಂಬರಿಯನ್ನು ಕನ್ನಡದಲ್ಲಿ ಆರು ಕಂತಿಗೆ ಒಡೆಯೋಣ ಎಂದುಕೊಂಡಿದ್ದೇನೆ. ಕಾಲವನ್ನು ನೇರ ಮಾಡಿದ್ದೇ ತಪ್ಪಾಯಿತೇ? ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ನೇರ ಮಾಡಿದ್ದು ತಪ್ಪಲ್ಲ. ನೇರ ಮಾಡುವಾಗ ಒಂದು ಸಾವನ್ನು ಎಲ್ಲಿ ಇಡಬೇಕು ಎಂಬಲ್ಲಿ ಎಡವಿದ್ದಾರೆ. ನಿಮಗೆ ಆಗದೇ ಹೋದ ಸಂಕಟದ ಮೂಲ ಅಲ್ಲಿದೆ.

ಓದದವರಿಗಾಗಿ ನಾಲ್ಕು ಮಾತು. ಕಾದಂಬರಿ ಬಂದದ್ದು 1961ರಲ್ಲಿ. ಎರಡನೇ ಮಹಾಯುದ್ಧ ನಡೆಯುತ್ತಿದೆ. ಇಟಲಿಯ ಪಕ್ಕದ ಪಿಯನೋಸಾ ಎಂಬ ಪುಟ್ಟ ದ್ವೀಪದಲ್ಲಿ ಅಮೆರಿಕದ ಬಾಂಬರ್ ವಿಮಾನಗಳ ಒಂದು ದಳ ಇದೆ. ಯೊಸ್ಸೇರಿಯನ್ ಎಂಬವನು ಬೊಂಬಾರ್ಡಿಯರ್, ಅಂದರೆ ಗುರಿ ನೋಡಿ ಬಾಂಬ್ ಬಿಡುವವನು. ಇಷ್ಟು ಹಾರಾಟ ಮುಗಿಸಿದರೆ ಮನೆಗೆ ಹೋಗಬಹುದು ಎಂದು ನಿಯಮ. ಆದರೆ ಇವನು ಆ ಸಂಖ್ಯೆಯ ಹತ್ತಿರ ಬಂದಾಗಲೆಲ್ಲ ಕರ್ನಲ್ ಕ್ಯಾತ್‌ಕಾರ್ಟ್ ಸಂಖ್ಯೆ ಏರಿಸುತ್ತಾನೆ. ಹುಚ್ಚು ಹಿಡಿದವನನ್ನು ಹಾರಾಟದಿಂದ ಬಿಡಿಸಬಹುದು, ಆದರೆ ಅವನೇ ಬಂದು ಕೇಳಬೇಕು. ಬಂದು ಕೇಳಿದನೋ, ಪ್ರಾಣಭಯ ಇದೆ ಎಂದಾಯಿತು, ಪ್ರಾಣಭಯ ಇರುವವನಿಗೆ ಬುದ್ಧಿ ನೆಟ್ಟಗಿದೆ ಎಂದಾಯಿತು, ಹೋಗು, ಹಾರು. ಇದು ಕ್ಯಾಚ್-22.

ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಕನ್ನಡದಲ್ಲಿ ಬರೆಯುವವರು ಆ ಗಾದೆಯನ್ನೇ ಸಂಭಾಷಣೆಗೆ ತುರುಕುವ ಆಸೆಗೆ ಬೀಳುತ್ತಾರೆ. ಬೇಡ. ಗಾದೆಯಲ್ಲಿರುವುದು ಹಣೆಬರಹದ ಗಂಟು, ಅದನ್ನು ಕಟ್ಟಿದವರು ಯಾರೂ ಇಲ್ಲ. ಹೆಲ್ಲರ್ ಹೇಳುವ ಗಂಟನ್ನು ಆಫೀಸಿನಲ್ಲಿ ಕೂತು ಕಟ್ಟಿದವರಿದ್ದಾರೆ, ಅದರಿಂದ ಅವರಿಗೆ ಲಾಭವೂ ಇದೆ. ಕರ್ನಲ್‌ಗೆ ಜನರಲ್ ಆಗಬೇಕು. ಅದಕ್ಕೇ ಸಂಖ್ಯೆ ಏರುತ್ತದೆ. ಪ್ರತಿ ಕಂತಿನಲ್ಲೂ ಆ ಮೇಜು, ಆ ಕಾಗದ, ಆ ರುಜು ಒಮ್ಮೆಯಾದರೂ ಕಾಣಬೇಕು. ಇಲ್ಲದಿದ್ದರೆ ನೋಡುವವರಿಗೆ ಇದೆಲ್ಲ ಯುದ್ಧದ ಗ್ರಹಚಾರ ಅನ್ನಿಸಿಬಿಡುತ್ತದೆ.

ಮೊದಲ ಕೆಲಸ ಚಿತ್ರಕಥೆ ಅಲ್ಲ, ಲೆಕ್ಕದ ಪುಸ್ತಕ. ಕಾದಂಬರಿಗೆ 42 ಅಧ್ಯಾಯ. ಹೆಚ್ಚಿನವಕ್ಕೆ ಒಂದೊಂದು ಪಾತ್ರದ ಹೆಸರು. ಉದ್ದನೆಯ ನೋಟ್‌ಬುಕ್‌ನಲ್ಲಿ ಐದು ಅಂಕಣ ಗೀರಿಕೊಳ್ಳಿ: ಅಧ್ಯಾಯ, ಊರು, ಆಗ ಬೇಕಿದ್ದ ಹಾರಾಟದ ಸಂಖ್ಯೆ, ಅಷ್ಟರಲ್ಲಿ ಯೊಸ್ಸೇರಿಯನ್ ಹಾರಿದ್ದ ಸಂಖ್ಯೆ, ಆ ಹೊತ್ತಿಗೆ ಸತ್ತವರು. ತಾರೀಕಿನ ಅಂಕಣ ಬೇಡ. ಈ ಕಾದಂಬರಿಯಲ್ಲಿ ಗಡಿಯಾರದ ಕೆಲಸ ಮಾಡುವುದು ಹಾರಾಟದ ಸಂಖ್ಯೆ. ಅದು 25ರಿಂದ 30ಕ್ಕೆ, 35ಕ್ಕೆ ಏರುತ್ತ ಕೊನೆಗೆ 80 ಮುಟ್ಟುತ್ತದೆ. ಶುರುವಿನಲ್ಲೇ ದಳದ ಡಾಕ್ಟರ್ ಡನೀಕ 50 ಬೇಕಂತೆ ಎನ್ನುತ್ತಾನೆ. ಇವನದು ಆಗಿರುವುದು 44. ಇನ್ನೂ ಮೇಲಿನ ಕಚೇರಿಯ ಪ್ರಕಾರ 40 ಆದರೆ ಸಾಕು, ಆದರೆ ನಿನ್ನ ಕರ್ನಲ್ ಹೇಳಿದ್ದನ್ನು ನೀನು ಕೇಳಲೇಬೇಕು ಎಂಬ ನಿಯಮವೂ ಅದೇ ಕಚೇರಿಯದು. ಐದನೇ ಅಂಕಣವನ್ನು ಉದಾಸೀನ ಮಾಡಬೇಡಿ. ಒಂದು ಅಧ್ಯಾಯದಲ್ಲಿ ಮೋಡದೊಳಗೆ ಹೊಕ್ಕು ಮತ್ತೆ ಕಾಣದೇ ಹೋದ ಗೆಳೆಯ ಕ್ಲೆವಿಂಜರ್ ಇನ್ನೊಂದರಲ್ಲಿ ಎದುರು ಕೂತು ವಾದ ಮಾಡುತ್ತಿರುತ್ತಾನೆ. ಯಾರು ಯಾವಾಗ ಇಲ್ಲವಾದರು ಎಂಬುದು ಈ ಅಂಕಣ ಇಲ್ಲದೆ ಸಿಗುವುದಿಲ್ಲ. ಹೆಲ್ಲರ್ ಕೂಡ ಪಾತ್ರಗಳನ್ನೂ ಕಾಲವನ್ನೂ ಎದುರುಬದುರು ಇಟ್ಟು ಕೈಬರಹದಲ್ಲಿ ದೊಡ್ಡದೊಂದು ಕೋಷ್ಟಕ ಮಾಡಿಕೊಂಡೇ ಬರೆದವರು.

ಇಷ್ಟಾದರೂ ಎಲ್ಲ ಘಟನೆಗಳೂ ಸಾಲಾಗಿ ಕೂರುವುದಿಲ್ಲ. ದಳದ ಮೆಸ್ ನೋಡಿಕೊಳ್ಳುವ ಮೈಲೊ ಮೈಂಡರ್‌ಬೈಂಡರ್‌ನ ವ್ಯಾಪಾರ ಬೆಳೆಯುವ ವೇಗ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅಂಥ ಕಡೆ ತಲೆ ಕೆಡಿಸಿಕೊಳ್ಳದೆ ನಿಮಗೆ ಬೇಕಾದಲ್ಲಿ ಇಟ್ಟುಕೊಳ್ಳಿ. ಅಲುಗಿಸಬಾರದ ಕಂಬಗಳು ನಾಲ್ಕೇ: ಕ್ಯಾಲಿಫೋರ್ನಿಯಾದ ತರಬೇತಿ ಶಿಬಿರ, ಆಮೇಲೆ ಫೆರಾರಾದ ಸೇತುವೆ, ಬೊಲೋನ್ಯಾ, ಅವಿನ್ಯೋನ್ ಮೇಲಿನ ಮೂರು ದಾಳಿಗಳು. ಕಾದಂಬರಿಯ ಮೊದಲ ಪುಟದಲ್ಲಿ ಯೊಸ್ಸೇರಿಯನ್ ಆಸ್ಪತ್ರೆಯಲ್ಲಿ ಮಲಗಿದ್ದಾನಲ್ಲ, ಆಗಲೇ ಈ ನಾಲ್ಕೂ ಮುಗಿದುಹೋಗಿವೆ. ಇದನ್ನು ನೆನಪಿನಲ್ಲಿಡಿ.

ಈಗ ಸ್ನೋಡನ್ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅವನ ಹತ್ತಿರ.

ಅವಿನ್ಯೋನ್ ಮೇಲಿನ ಹಾರಾಟದಲ್ಲಿ ವಿಮಾನದ ಹಿಂಭಾಗದಲ್ಲಿ ಸ್ನೋಡನ್ ಎಂಬ ಹುಡುಗನಿಗೆ ಏಟು ಬೀಳುತ್ತದೆ. ಯೊಸ್ಸೇರಿಯನ್ ತೆವಳಿಕೊಂಡು ಹೋಗಿ ನೋಡಿದರೆ ತೊಡೆಯಲ್ಲಿ ದೊಡ್ಡ ಗಾಯ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಮಾರ್ಫಿನ್ ಇಲ್ಲ; ಮೈಲೊ ಅದನ್ನು ಮಾರಿಕೊಂಡು, ತನ್ನ ಕಂಪನಿಗೆ ಒಳಿತಾದರೆ ದೇಶಕ್ಕೂ ಒಳಿತು ಎಂಬ ಚೀಟಿ ಇಟ್ಟಿದ್ದಾನೆ. ಯೊಸ್ಸೇರಿಯನ್ ಪುಡಿ ಹಾಕಿ ನೀಟಾಗಿ ಪಟ್ಟಿ ಕಟ್ಟುತ್ತಾನೆ, ಬದುಕುತ್ತೀಯ ಬಿಡು ಎನ್ನುತ್ತಾನೆ. ಹುಡುಗ ಚಳಿ, ಚಳಿ ಅನ್ನುವುದು ಮಾತ್ರ ನಿಲ್ಲುವುದಿಲ್ಲ. ನಿಜವಾದ ಗಾಯ ಇರುವುದು ಚೂರುಗುಂಡು ತಡೆಯುವ ಅಂಗಿಯ ಒಳಗೆ. ಅಂಗಿ ಬಿಚ್ಚಿದರೆ ಕರುಳು ಹೊರಗೆ ಬೀಳುತ್ತದೆ. ಅದು ಅಂಟಿದ ಬಟ್ಟೆಯನ್ನು ಯೊಸ್ಸೇರಿಯನ್ ಆಮೇಲೆ ಕಿತ್ತೆಸೆದು ಬೆತ್ತಲೆ ತಿರುಗುತ್ತಾನೆ. 1944ರ ಆಗಸ್ಟ್‌ನಲ್ಲಿ ಬೊಂಬಾರ್ಡಿಯರ್ ಆಗಿ ಅದೇ ಅವಿನ್ಯೋನ್ ಮೇಲೆ ಹಾರಿದ್ದ ಹೆಲ್ಲರ್ ತಮ್ಮ ವಿಮಾನದ ಗನ್ನರ್‌ನ ತೊಡೆಗೆ ಏಟು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರು. ಆ ಗನ್ನರ್ ಬದುಕಿಕೊಂಡ. ಒಳಗಿನ ಗಾಯ ಕಾದಂಬರಿಕಾರ ಸೇರಿಸಿದ್ದು.

ಪುಸ್ತಕದಲ್ಲಿ ಈ ಸಾವು ನಾಲ್ಕನೇ ಅಧ್ಯಾಯದಲ್ಲಿ ಹೆಸರಾಗಿ ಮಾತ್ರ ಬಂದು ಹೋಗುತ್ತದೆ. ಆಮೇಲೆ ಒಂದು ವಾಕ್ಯ, ಮುಂದೆ ಒಂದು ಪ್ಯಾರಾ. ಪೂರ್ತಿ ತಿಳಿಯುವುದು 41ನೇ ಅಧ್ಯಾಯದಲ್ಲಿ. ಅಂದರೆ ಓದುವವರೂ ಅಷ್ಟು ಹೊತ್ತು ತೊಡೆಗೇ ಪಟ್ಟಿ ಕಟ್ಟುತ್ತ ಕೂತಿರುತ್ತಾರೆ.

1970ರ ಸಿನಿಮಾ (ನಿರ್ದೇಶನ ಮೈಕ್ ನಿಕಲ್ಸ್, ಚಿತ್ರಕಥೆ ಬಕ್ ಹೆನ್ರಿ) ಈ ಹನಿಹನಿ ಕ್ರಮವನ್ನು ಉಳಿಸಿಕೊಂಡಿತು. ಯೊಸ್ಸೇರಿಯನ್‌ಗೆ ಚಾಕು ಬೀಳುವಲ್ಲಿಂದ ಶುರುವಾಗಿ, ಇಡೀ ಕಥೆ ಜ್ವರದ ಕನಸಿನ ಹಾಗೆ ಸುತ್ತುತ್ತದೆ. ಕಣ್ಣು ಕುಕ್ಕುವ ಬಿಳಿ ಬೆಳಕಿನಲ್ಲಿ ಸ್ನೋಡನ್ ದೃಶ್ಯ ಮತ್ತೆ ಮತ್ತೆ ಬಂದು ಪ್ರತಿ ಸಲವೂ ಸ್ವಲ್ಪ ಮುಂದೆ ಹೋಗುತ್ತದೆ. ಎರಡು ಗಂಟೆಯ ಸಿನಿಮಾದಲ್ಲಿ ಅದು ನಡೆಯುತ್ತದೆ. ಆರು ಕಂತಿಗೆ ಕನಸಿನ ಕಟ್ಟು ಭಾರ. ಮೂರನೇ ಕಂತಿನ ಹೊತ್ತಿಗೆ ನೋಡುವವರು ಕೈ ಬಿಡುತ್ತಾರೆ. ಸರಣಿ ಬರೆದ ಲ್ಯೂಕ್ ಡೇವಿಸ್ ಮತ್ತು ಡೇವಿಡ್ ಮಿಶೋ ಕಾಲವನ್ನು ನೇರ ಮಾಡಿದ್ದು ಆ ಮಟ್ಟಿಗೆ ಸರಿ. ತರಬೇತಿ ಶಿಬಿರದಿಂದ ಶುರು ಮಾಡಿ, ಏರುವ ಸಂಖ್ಯೆಯನ್ನೇ ಬೆನ್ನೆಲುಬು ಮಾಡಿಕೊಂಡರು. ಗೆಳೆಯರು ಒಬ್ಬೊಬ್ಬರಾಗಿ ಇಲ್ಲವಾಗುವುದು ಸಿನಿಮಾಕ್ಕಿಂತ ಸರಣಿಯಲ್ಲೇ ಹೆಚ್ಚು ತಟ್ಟುತ್ತದೆ. ಆದರೆ ಸ್ನೋಡನ್‌ನನ್ನು ಕೊನೆಯ ಕಂತಿಗೆ ಒಯ್ದು, ಅಲ್ಲೇ ಕೊಂದು, ಅಲ್ಲೇ ಯೊಸ್ಸೇರಿಯನ್‌ನ ಬಟ್ಟೆ ಬಿಚ್ಚಿಸಿದರು. ಮೊದಲು ಕಾರಣ, ಅದರ ಹಿಂದೆಯೇ ಪರಿಣಾಮ. ದುಃಖವಾಗುತ್ತದೆ, ನಿಜ. ಆದರೆ ಇಷ್ಟು ಹೊತ್ತು ನಾನು ನಕ್ಕದ್ದು ಯಾತಕ್ಕೆ ಎಂಬ ನಾಚಿಕೆ ಆಗುವುದಿಲ್ಲ. ಪುಸ್ತಕದ ಕಸುಬು ಇರುವುದು ಆ ನಾಚಿಕೆಯಲ್ಲಿ.

ಕಾಲವನ್ನು ನೇರವಾಗಿ ಇಟ್ಟುಕೊಂಡೇ ಅದನ್ನು ಉಳಿಸಿಕೊಳ್ಳಲು ದಾರಿ ಇದೆ: ಘಟನೆಯನ್ನು ಅದರ ಜಾಗದಲ್ಲೇ ಬಿಟ್ಟು, ತೋರಿಸದೆ ಹಾರಿಬಿಡುವುದು. ಮೂರನೇ ಕಂತಿನ ಕೊನೆಯಲ್ಲಿ ಅವಿನ್ಯೋನ್‌ಗೆಂದು ವಿಮಾನ ಹತ್ತುತ್ತಾರೆ, ಎಂಜಿನ್ ಸದ್ದು, ಪರದೆ ಕಪ್ಪು. ನಾಲ್ಕನೇ ಕಂತು ತೆರೆದುಕೊಳ್ಳುವುದು ಪದಕ ಪ್ರದಾನದ ಮೈದಾನದಲ್ಲಿ. ಸಾಲಾಗಿ ಸಮವಸ್ತ್ರದವರು, ನಡುವೆ ಮೈಮೇಲೆ ನೂಲಿನ ಎಳೆಯೂ ಇಲ್ಲದ ಯೊಸ್ಸೇರಿಯನ್. ಪದಕ ಚುಚ್ಚಲು ಜನರಲ್‌ಗೆ ಜಾಗ ಸಿಗುತ್ತಿಲ್ಲ. ಏಕೆ ಬೆತ್ತಲೆ? ಯಾರೂ ಸರಿಯಾಗಿ ಹೇಳುವುದಿಲ್ಲ. ಅದೇ ಕಂತಿನಲ್ಲಿ ಮುಂದೆ ಮರದ ದೃಶ್ಯ: ಕೆಳಗೆ ಮಣ್ಣು ಮಾಡುವ ಕಾರ್ಯ ನಡೆಯುತ್ತಿದೆ, ಯಾರದೆಂದು ಒತ್ತಿ ಹೇಳಬೇಡಿ, ಮೇಲೆ ಕೊಂಬೆಯ ಮೇಲೆ ಅದೇ ಬೆತ್ತಲೆ ಮನುಷ್ಯ. ಮೈಲೊ ಏದುಸಿರು ಬಿಡುತ್ತ ಮರ ಹತ್ತಿ ಬರುತ್ತಾನೆ. ಈಜಿಪ್ಟಿನ ಹತ್ತಿಯನ್ನೆಲ್ಲ ಕೊಂಡು ಕೈ ಸುಟ್ಟುಕೊಂಡಿದ್ದಾನೆ, ಮಾರಲು ಆಗುತ್ತಿಲ್ಲ. ಹತ್ತಿಗೆ ಚಾಕೊಲೇಟ್ ಮೆತ್ತಿ ತಂದಿದ್ದಾನೆ, ತಿಂದು ನೋಡು ಎನ್ನುತ್ತಾನೆ. ಇದು ಒಳಿತು ಕೆಡುಕಿನ ಅರಿವಿನ ಮರ ಎಂದು ಯೊಸ್ಸೇರಿಯನ್ ಹೇಳಿದರೆ, ಅಲ್ಲ, ಚೆಸ್ಟ್‌ನಟ್ ಮರ, ನಾನು ಚೆಸ್ಟ್‌ನಟ್ ಮಾರುತ್ತೇನೆ, ನನಗೆ ಗೊತ್ತಿಲ್ಲವೇ ಎಂಬುದು ಮೈಲೊನ ಉತ್ತರ. ನೋಡುವವರು ನಗಲಿ, ಚೆನ್ನಾಗಿ ನಗಲಿ. ಆ ಬಟ್ಟೆ ಏಕೆ ಇಲ್ಲ, ಅದರ ಮೇಲೆ ಏನು ಅಂಟಿತ್ತು ಎಂಬುದು ಆರನೇ ಕಂತಿನಲ್ಲಿ ಗೊತ್ತಾದಾಗ ಆ ನಗು ಅವರ ಗಂಟಲಲ್ಲೇ ತಿರುಗುತ್ತದೆ. ಮಾರ್ಫಿನ್ ಮಾರಿಕೊಂಡವನು ಮರ ಹತ್ತಿ ತಿಂಡಿ ಕೊಡುತ್ತಿದ್ದ ಎಂಬುದೂ ಆಗಲೇ ಹೊಳೆಯಬೇಕು.

ನಡುವೆ ಹನಿಸುವ ಅಳತೆ ಹೀಗಿಡಿ. ನಾಲ್ಕನೇ ಕಂತಿನಲ್ಲಿ ಇಂಟರ್‌ಕಾಮ್‌ನ ದನಿ ಮಾತ್ರ, ಐದು ಸೆಕೆಂಡ್: ಬೊಂಬಾರ್ಡಿಯರ್‌ಗೆ ಸಹಾಯ ಮಾಡಿ ಎಂದು ಯಾರೋ ಅಳುತ್ತಾರೆ, ನಾನೇ ಬೊಂಬಾರ್ಡಿಯರ್, ನನಗೇನೂ ಆಗಿಲ್ಲ ಎಂದು ಇವನು ಹೇಳುತ್ತಾನೆ. ಐದನೆಯದರಲ್ಲಿ ಅದೇ ದನಿಯಿಂದ ಶುರುವಾಗಿ ತೊಡೆಗೆ ಪಟ್ಟಿ ಕಟ್ಟುವವರೆಗೆ, ಅರ್ಧ ನಿಮಿಷ. ಆರನೆಯದರಲ್ಲಿ ಮತ್ತೆ ಅದೇ ದನಿ, ಈ ಸಲ ಕೊನೆಯವರೆಗೆ, ನಾಲ್ಕೈದು ನಿಮಿಷ, ನಡುವೆ ಬೇರೆ ದೃಶ್ಯಕ್ಕೆ ಕತ್ತರಿಸದೆ. ಮೂರು ಸಲವೂ ಒಂದೇ ಶಾಟ್‌ನಿಂದ ಶುರು ಮಾಡಿ. ಜಾಗ ಗುರುತು ಸಿಕ್ಕರೆ ತಾನೇ ಈ ಸಲ ಎಷ್ಟು ಮುಂದೆ ಹೋಗುತ್ತಾರೋ ಎಂದು ಹೆದರಿಕೆ ಹುಟ್ಟುವುದು! ಸಂಗೀತ ಹಾಕಬೇಡಿ, ಸ್ಲೋ ಮೋಷನ್ ಬೇಡವೇ ಬೇಡ. ನಿಕಲ್ಸ್ ಸಿನಿಮಾಕ್ಕೆ ಹಿನ್ನೆಲೆ ಸಂಗೀತವೇ ಇಲ್ಲದಷ್ಟು. ಎಂಜಿನ್ ಸದ್ದೇ ಸಾಕಾಗಿದೆ.

ವಿಮಾನದ ಒಳಗನ್ನು ಮೊದಲ ಹಾರಾಟದಲ್ಲೇ ನೋಡುವವರಿಗೆ ಪಾಠ ಮಾಡಿ, ಆದರೆ ಮಾತಿನಲ್ಲಿ ಅಲ್ಲ. ಬಿ-25 ವಿಮಾನದ ಮೂತಿಯಲ್ಲಿ ಪಾರದರ್ಶಕ ಗೂಡು. ಅಲ್ಲಿ ಬೊಂಬಾರ್ಡಿಯರ್ ಒಬ್ಬನೇ. ಅಲ್ಲಿಂದ ಹಿಂದಕ್ಕೆ ಬರಲು ಪೈಲಟ್‌ಗಳ ಕಾಲ ಕೆಳಗೆ ಒಂದು ಸುರಂಗ, ದೊಡ್ಡ ಮೈಯವನು ನುಸುಳುವುದೇ ಕಷ್ಟ. ಹೊರಗೆ ಜಿಗಿಯುವ ಬಾಗಿಲು ಆ ಸುರಂಗದ ಆಚೆ. ಗುರಿಯ ಮೇಲೆ ಬರುವಾಗ ವಿಮಾನ ಅಲುಗದೆ ನೇರ ಹಾರಬೇಕು, ಕೆಳಗಿನ ಫಿರಂಗಿಗಳಿಗೆ ಸಿಗುವುದು ಆಗಲೇ. ಬಾಂಬ್ ಬಿದ್ದ ಕ್ಷಣವೇ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಎಂದು ಯೊಸ್ಸೇರಿಯನ್ ಕಿರುಚತೊಡಗುತ್ತಾನೆ. ಸುರಂಗದ ಇಕ್ಕಟ್ಟು ಮೊದಲ ಕಂತಿನಲ್ಲೇ ಮನಸ್ಸಿಗೆ ಕೂತಿದ್ದರೆ, ಆರನೆಯದರಲ್ಲಿ ಅವನು ಅದರೊಳಗೆ ತೆವಳುವಾಗ ವಿವರಣೆ ಬೇಕಾಗುವುದಿಲ್ಲ. ಕಂತಿಗೆ ಒಂದೇ ಹಾರಾಟ ಸಾಕು. ಒಂದರಲ್ಲಿ ಹೆದರಿಕೆ, ಇನ್ನೊಂದರಲ್ಲಿ ಗುರಿಯ ಮೇಲೆ ಎರಡನೇ ಸಲ ಹೋದ ತಪ್ಪು (ಫೆರಾರಾ), ಮತ್ತೊಂದರಲ್ಲಿ ಏನೂ ಆಗದೆ ವಾಪಸ್ ಬಂದ ನಗೆಪಾಟಲು. ಎರಡು ಹಾರಾಟ ಒಂದೇ ಥರ ಕಂಡರೆ ನೋಡುವವರು ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ.

ಪುಟಗಳ ಲೆಕ್ಕ: 45 ನಿಮಿಷದ ಕಂತಿಗೆ ಸುಮಾರು 45 ಪುಟ, 25ರಿಂದ 35 ದೃಶ್ಯ. ಆದರೆ ಹಾರಾಟದ ಒಂದು ಪುಟ ಪರದೆಯ ಮೇಲೆ ಎರಡು ನಿಮಿಷವಾದೀತು, ಹೆಲ್ಲರ್ ಶೈಲಿಯ ಪಟಪಟ ಮಾತಿನ ಒಂದು ಪುಟ ಮುಕ್ಕಾಲು ನಿಮಿಷಕ್ಕೆ ಮುಗಿದೀತು. ಒನ್‌ಲೈನ್ ಆರ್ಡರ್ (ದೃಶ್ಯಕ್ಕೊಂದು ಸಾಲಿನ ಪಟ್ಟಿ) ಮಾಡುವಾಗಲೇ ಇದನ್ನು ಕೂಡಿಸಿ ಕಳೆದು ನೋಡಿಕೊಳ್ಳಿ. ಆರೂ ಕಂತಿಗೆ ಹರಿಯುವ ಟ್ರ್ಯಾಕ್ ನಾಲ್ಕಕ್ಕಿಂತ ಹೆಚ್ಚು ಬೇಡ: ಹಾರಾಟದ ಸಂಖ್ಯೆ, ಮೈಲೊ, ಕರ್ನಲ್‌ನ ಆಫೀಸು, ಹುಡುಗರು ರಜೆಗೆ ಹೋಗುವ ರೋಮ್. ಉಳಿದವರಿಗೆ ಒಂದೊಂದು ಕಂತು ಕೊಟ್ಟು ಕಳಿಸಿ. ಡನೀಕನ ಕಥೆ ಅಂಥದ್ದು: ಹಾರದಿದ್ದರೂ ಪಟ್ಟಿಯಲ್ಲಿ ಹೆಸರಿತ್ತು, ವಿಮಾನ ಬಿತ್ತು, ಹಾಗಾಗಿ ಎದುರಿಗೇ ನಿಂತ ಡಾಕ್ಟರ್ ಕಾಗದದ ಪ್ರಕಾರ ಸತ್ತ. ಹತ್ತು ನಿಮಿಷದಲ್ಲಿ ಪೂರ್ತಿಯಾಗುತ್ತದೆ, ಎಳೆದರೆ ಕೆಡುತ್ತದೆ.

ಮೈಲೊನ ಮೊಟ್ಟೆಯ ಲೆಕ್ಕದಲ್ಲಿ ಬರೆಯುವವರು ತಪ್ಪದೆ ಜಾರುತ್ತಾರೆ. ಪುಸ್ತಕದಲ್ಲಿ ಅವನು ಸಿಸಿಲಿಯಲ್ಲಿ 1 ಸೆಂಟಿಗೆ ಮೊಟ್ಟೆ ಕೊಂಡು, ಮಾಲ್ಟಾದಲ್ಲಿ ನಾಲ್ಕೂಕಾಲು ಸೆಂಟಿಗೆ ಮಾರಿ, ಅಲ್ಲೇ 7 ಸೆಂಟಿಗೆ ತಿರುಗಿ ಕೊಂಡು, ಮೆಸ್‌ಗೆ 5 ಸೆಂಟಿಗೆ ಕೊಡುತ್ತಾನೆ. ಮಾಲ್ಟಾದಲ್ಲಿ ಕೊಳ್ಳುವವನೂ ಮಾರುವವನೂ ಅವನೇ. ಹಾಗಾಗಿ ಮೊಟ್ಟೆಗೆ 2 ಸೆಂಟ್ ನಷ್ಟ ಎಂದು ಎಲ್ಲರೂ ಮರುಗುವಾಗ ಅವನ ಜೇಬಿಗೆ 4 ಸೆಂಟ್ ಬಿದ್ದಿರುತ್ತದೆ. ಓದುವವರು ಪುಟ ತಿರುಗಿಸಿ ಮತ್ತೆ ಲೆಕ್ಕ ಹಾಕಬಹುದು, ಕೇಳುವವರಿಗೆ ಅದು ಆಗದು. ನಾಲ್ಕೂಕಾಲನ್ನು ಕೈಬಿಡಿ, 1, 7, 5 ಸಾಕು. ಅದೂ ಮಾತಿನಲ್ಲಲ್ಲ: ಒಂದೇ ಮೊಟ್ಟೆ ಪೆಟ್ಟಿಗೆಗೆ ಒಂದು ರೇವಿನಲ್ಲಿ ಒಂದು ಚೀಟಿ, ಇನ್ನೊಂದರಲ್ಲಿ ಇನ್ನೊಂದು ಚೀಟಿ, ಎರಡರ ಮೇಲೂ ಒಂದೇ ರುಜು. ನಗು ಅಲ್ಲಿ ಬರುತ್ತದೆ. ಇದೇ ಮೈಲೊ ಮುಂದೆ ಜರ್ಮನರ ಜೊತೆ ಗುತ್ತಿಗೆ ಮಾಡಿಕೊಂಡು ತನ್ನ ದಳದ ಮೇಲೇ ಬಾಂಬ್ ಹಾಕಿಸುತ್ತಾನೆ, ಲಾಭಕ್ಕೆ. ಆಗಲೂ ಕ್ಯಾಮೆರಾ ಆ ರುಜುವಿನ ಮೇಲೇ ನಿಲ್ಲಬೇಕು.

ಕನ್ನಡದ ಸಂಭಾಷಣೆಯ ಬಗ್ಗೆ ಒಂದು ಎಚ್ಚರಿಕೆ. ನಾನು ಒಳಗಿದ್ದಾಗ ಯಾರನ್ನೂ ಒಳಗೆ ಬಿಡಬೇಡ, ನಾನು ಹೊರಗೆ ಹೋದ ಮೇಲೆ ಬಿಡು ಎಂದು ಮೇಜರ್ ಮೇಜರ್ (ಹುದ್ದೆಯೂ ಅದೇ, ಹೆಸರೂ ಅದೇ) ತನ್ನ ಸಾರ್ಜೆಂಟ್‌ಗೆ ಹೇಳುವ ದೃಶ್ಯ ಬರೆದು ನೋಡಿ. ಸಾರ್ಜೆಂಟ್ ಹುಬ್ಬೇರಿಸಿದರೆ ದೃಶ್ಯ ಸತ್ತಂತೆ. ‘ಸರಿ ಸರ್. ನೀವು ಹೊರಗೆ ಹೋಗುವವರೆಗೂ ಅವರನ್ನು ಕೂರಿಸಲೇ ಸರ್?’ ಎಂದು ಕಡತ ಬರೆದುಕೊಳ್ಳುವವನ ಹಾಗೆ ಕೇಳಬೇಕು. ಅಸಂಬದ್ಧ ಮಾತನ್ನು ಎಲ್ಲರೂ ರೂಢಿ ಎನ್ನುವ ಹಾಗೆ ಆಡಬೇಕು. ನಮ್ಮ ಹಾಸ್ಯ ನಟರಿಗೆ ಇದನ್ನು ಹೇಳಿ ಒಪ್ಪಿಸುವುದೇ ದೊಡ್ಡ ಕೆಲಸ. ಹಾಗೇ ಏಕವಚನ ಬಹುವಚನ. ಇಂಗ್ಲಿಷಿನಲ್ಲಿ ಕರ್ನಲ್‌ಗೂ ಅಡುಗೆಯವನಿಗೂ ಒಂದೇ ಸರ್ವನಾಮ. ನಿಮಗೆ ‘ನೀನು’, ‘ನೀವು’ ಎರಡೂ ಇವೆ. ಕ್ಲೆವಿಂಜರ್ ವಿಚಾರಣೆಯಲ್ಲಿ ಅಧಿಕಾರಿಗಳು ‘ನೀವು’ ಎಂದು ಶುರು ಮಾಡಿ, ಅಪರಾಧ ಸಾಬೀತಾಗುವ ಮೊದಲೇ ‘ನೀನು’ಗೆ ಇಳಿದುಬಿಟ್ಟರೆ ತೀರ್ಪು ಏನೆಂದು ಹೇಳಬೇಕಾಗಿಯೇ ಇಲ್ಲ. ಇದು ಮೂಲದಲ್ಲಿ ಸಾಧ್ಯವಿಲ್ಲದ ಸವಲತ್ತು, ಬಿಡಬೇಡಿ. ‘ಸರ್’ ಹಾಗೇ ಇರಲಿ. ‘ಸ್ವಾಮಿ’ ಅಂದರೆ ನಾಟಕ ಕಂಪನಿಯ ವಾಸನೆ ಬರುತ್ತದೆ.

ನಿರೂಪಕನ ದನಿಯನ್ನು ಹಿನ್ನೆಲೆಯಲ್ಲಿ ಓದಿಸಬೇಡಿ. ಹೆಲ್ಲರ್ ವಾಕ್ಯದ ಮೊದಲರ್ಧವನ್ನು ಎರಡನೇ ಅರ್ಧ ಕಡಿದುಹಾಕುತ್ತದೆ. ಕಿವಿಗೆ ಅದು ಜಾಣತನದ ಪ್ರದರ್ಶನವಾಗಿ ಕೇಳುತ್ತದೆ. ಆ ಕೆಲಸವನ್ನು ಕತ್ತರಿಗೆ ವಹಿಸಿ: ಹಾರಾಟಕ್ಕೆ ಹುಡುಗರು ತಾವಾಗಿಯೇ ಮುಂದೆ ಬರುತ್ತಿದ್ದಾರೆ ಎಂದು ಕರ್ನಲ್ ಹೇಳಿದ, ಮುಂದಿನ ಶಾಟ್‌ನಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಮಂಚವೂ ಖಾಲಿ ಇಲ್ಲ. ಕೃತಕ ನಗೆಯಂತೂ ಬೇಡ. 1972ರಿಂದ 1983ರವರೆಗೆ ನಡೆದ ಕೊರಿಯಾ ಯುದ್ಧದ ಹಾಸ್ಯ ಸರಣಿ ‘ಮ್ಯಾಶ್’ಗೆ ಅಮೆರಿಕದ ವಾಹಿನಿಯ ಒತ್ತಾಯದಿಂದ ನಗೆಯ ಸದ್ದು ಸೇರಿಸಿದ್ದರು, ಆಪರೇಷನ್ ಕೋಣೆಯ ದೃಶ್ಯಗಳಿಗೆ ಮಾತ್ರ ಅದನ್ನು ಸೇರಿಸಲು ತಯಾರಕರು ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಬಿಬಿಸಿ ಆ ಸದ್ದನ್ನೇ ತೆಗೆದು ತೋರಿಸಿತು.

ಕೊನೆಯ ದೃಶ್ಯದ ಆಯ್ಕೆ ನಿಮ್ಮದು. ಕಾದಂಬರಿಯಲ್ಲಿ ಯೊಸ್ಸೇರಿಯನ್ ಮೇಲಧಿಕಾರಿಗಳ ರಾಜಿಯನ್ನು ತಿರಸ್ಕರಿಸಿ ಸ್ವೀಡನ್ ಕಡೆ ಓಡುತ್ತಾನೆ. ಸರಣಿಯಲ್ಲಿ ಬೆತ್ತಲೆಯಾಗಿಯೇ ವಿಮಾನದಲ್ಲಿ ಕೂತು ಮತ್ತೆ ಹಾರುತ್ತಾನೆ. ಚಿತ್ರ ಕಣ್ಣಿಗೆ ಕಟ್ಟುತ್ತದೆ, ಒಪ್ಪುತ್ತೇನೆ. ಆದರೆ ಅವನು ಇಲ್ಲ ಎಂದು ಹೇಳುವ ಒಂದೇ ಒಂದು ಗಳಿಗೆ ಅದರಲ್ಲಿ ಕಳೆದುಹೋಗಿದೆ. ನನ್ನ ಕೈಗೆ ಕೊಟ್ಟರೆ ಓಡಿಸುತ್ತೇನೆ.

ಅಭ್ಯಾಸಕ್ಕೆ ಬರೆಯಲು ಯಾರ ಅಡ್ಡಿಯೂ ಇಲ್ಲ. ಯಾರಿಗಾದರೂ ಮಾರಲು, ಚಿತ್ರೀಕರಿಸಲು ಹೊರಟರೆ ಹಕ್ಕು ಪಡೆಯಬೇಕು. ಹೆಲ್ಲರ್ ತೀರಿಕೊಂಡದ್ದು 1999ರ ಡಿಸೆಂಬರ್‌ನಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ, ಅಂದರೆ 2059ರ ಕೊನೆಯವರೆಗೆ ಹಕ್ಕು ಉಳಿದಿರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಈ ಅವಧಿಯನ್ನು ಹೇಳುವ ಕಲಂ ಎಷ್ಟನೆಯದು ಗೊತ್ತೇ? 22. ನಿಜವಾಗಿಯೂ ತಯಾರಿಸುವ ಆಸೆ ಇದ್ದರೆ, ಇದೇ ಜಾತಿಯ ಇನ್ನೊಂದು ಯುದ್ಧ ವಿಡಂಬನೆ, ಯಾರೊಸ್ಲಾವ್ ಹಾಶೆಕ್ ಬರೆದ ‘ಶ್ವೇಯ್ಕ್’ ಕಡೆ ನೋಡಿ. ಅವರು 1923ರಲ್ಲೇ ತೀರಿಕೊಂಡದ್ದರಿಂದ ಚೆಕ್ ಮೂಲಕ್ಕೆ ಹಕ್ಕಿನ ತೊಡಕಿಲ್ಲ. ಇಂಗ್ಲಿಷ್ ಅನುವಾದ ಇಟ್ಟುಕೊಂಡು ಕೆಲಸ ಮಾಡುವುದಾದರೆ ಅನುವಾದಕರ ಹಕ್ಕು ಬೇರೆ ಇರುತ್ತದೆ, ಅದನ್ನು ಮೊದಲು ವಿಚಾರಿಸಿಕೊಳ್ಳಿ.